ಅಂಗಾತ ಜಟ್ಟಿ ಜುರಾಂಡಿರ್

ಮೀಸೆ ಕೆಳಗೆ ಬಿದ್ದರೂ ಜಟ್ಟಿ ಮಣ್ಣಾಗಲಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಹಾಗಲ್ಲ, ಬಿದ್ದದ್ದು ಜಟ್ಟಿ, ಮಣ್ಣಾಗದೇ ಉಳಿದದ್ದು ಮೀಸೆ ಎಂದು ತಿದ್ದಲು ಬಾಯಿ ತೆರೆದವರು ದಯವಿಟ್ಟು ಅದನ್ನು ಮುಚ್ಚಬೇಕು. ನಮ್ಮ ಕಸ್ಕಡೂರದಲ್ಲಿ ಗಾದೆಗಳು ಕೂಡ ಅಂಗಾತವೇ ಮಲಗುತ್ತವೆ. ಬೇರೆ ಊರಿನ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದವನು ಸೋತ, ಮನೆಗೆ ಹೋಗಿ ಎಣ್ಣೆ ಹಚ್ಚಿಕೊಂಡ. ರಿಯೊ ನಗರದ ಈ ರೈಲು ಹಳಿಯ ಬಡಾವಣೆಯಲ್ಲಿ ಬೆನ್ನು ನೆಲಕ್ಕೆ ತಾಗಿದ ಮೇಲೆಯೇ ಆಟ ಶುರುವಾಗುವುದು. ಮಲಗಿದವನನ್ನು ಕಂಡು ಕರುಣೆಯಿಂದ ಮೇಲೆ ಬಿದ್ದವನೇ ಕೆಡುವುದು. ಈಗ ನಾನು ಹೇಳಹೊರಟಿರುವುದು ನಿಜವಾಗಿ ನಡೆದ ಕಥೆ. ಸುಳ್ಳೆಂದು ಕಂಡರೆ ನನ್ನ ಕೈ ತಿರುಚಿ, ಬೇಡವೆನ್ನುವುದಿಲ್ಲ. ತಟ್ಟಿದ ಕೂಡಲೇ ಬಿಟ್ಟರೆ ಸಾಕು.

ತಟ್ಟುವುದೆಂದರೆ ಏನೆಂದು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಇಡೀ ಅನಾಹುತ ಅಲ್ಲೇ ಕೂತಿದೆ. ಅಮಾಂಸಿಯೊನ ಬೇಕರಿಯ ಮಹಡಿಯ ಮೇಲೆ ಒಟಾಸಿಲಿಯೊ ಮೇಷ್ಟ್ರ ಜಿಯು-ಜಿತ್ಸು ಗರಡಿ. ಅಲ್ಲಿ ಕೆಳಗೆ ಮಲಗಿದವನು ಮೇಲೆ ಬಂದವನ ಸೊಂಟಕ್ಕೆ ಎರಡೂ ಕಾಲು ಸುತ್ತಿ, ಬೆನ್ನ ಹಿಂದೆ ಪಾದಗಳಿಗೆ ಗಂಟು ಹಾಕುತ್ತಾನೆ. ಇದಕ್ಕೆ ಕಾವಲು ಎಂದು ಹೆಸರು. ಕಾವಲಿನೊಳಗೆ ಸಿಕ್ಕವನ ಒಂದು ಕೈಯನ್ನು ಎದೆಗೆ ಅವುಚಿಕೊಂಡು, ಸೊಂಟ ಹೊರಳಿಸಿ, ಒಂದು ಕಾಲನ್ನು ಅವನ ಮುಖದ ಆಚೆಗೆ ಹಾಯಿಸಿ ಮೆಲ್ಲಗೆ ಸೊಂಟ ಎತ್ತಿದರೆ, ಬಡಪಾಯಿ ಮೊಣಕೈ ದೇವರು ತೋರಿದ ದಿಕ್ಕು ಬಿಟ್ಟು ಬೇರೆ ದಿಕ್ಕಿಗೆ ಪ್ರಯಾಣ ಹೊರಡುತ್ತದೆ. ಪ್ರಯಾಣ ಬೇಡವೆನಿಸಿದವನು ಇನ್ನೊಂದು ಕೈಯಿಂದ ಎರಡು ಸಲ ತಟ್ಟಬೇಕು, ಚಾಪೆಗಾದರೂ ಸರಿ, ಹಿಡಿದವನ ಮೈಗಾದರೂ ಸರಿ. ತಟ್ಟಿದ ಮರುಕ್ಷಣ ಬಿಡಬೇಕು. ಸಾಕ್ಷಿ ಬೇಡ, ಆಣೆ ಬೇಡ. ನಮ್ಮಲ್ಲಿ ಹೆಂಡತಿಗೆ ಸುಳ್ಳು ಹೇಳುವವರಿದ್ದಾರೆ, ಪಾದ್ರಿಗೆ ಸುಳ್ಳು ಹೇಳುವವರಿದ್ದಾರೆ, ಆದರೆ ತಟ್ಟುವ ಕೈ ಸುಳ್ಳು ಹೇಳಿದ್ದನ್ನು ಯಾರೂ ಕಂಡಿರಲಿಲ್ಲ.

ಈ ಗರಡಿಯಲ್ಲಿ ವರ್ಷಗಟ್ಟಲೆ ತಟ್ಟುತ್ತಾ ಬಂದವನು ನಮ್ಮ ಜುರಾಂಡಿರ್. ಅವನೊಂದಿಗೆ ಸೇರಿದವರೆಲ್ಲ ನೀಲಿ, ನೇರಳೆ, ಕಂದು ಪಟ್ಟಿ ಕಟ್ಟಿಕೊಂಡರು. ಪಟ್ಟು ಬಿಡದ ಜುರಾಂಡಿರನನ್ನು ಹೊಸಬರ ಬಿಳಿ ಪಟ್ಟಿಯೂ ಬಿಡಲಿಲ್ಲ. ಹಗಲಿಗೆ ಅವನು ನೋಟರಿ ಕಚೇರಿಯ ಗುಮಾಸ್ತ. ಜನ ತಂದ ಕಾಗದದ ಮೇಲಿನ ಸಹಿ ಅಸಲಿಯೋ ನಕಲಿಯೋ ಎಂದು ಕಣ್ಣು ಕಿರಿದು ಮಾಡಿ ನೋಡಿ ಮೊಹರು ಒತ್ತುವುದು ಅವನ ಕೆಲಸ. ಮಗ ಹಾಕಿದ ಅಪ್ಪನ ಸಹಿಯನ್ನು ಬಾಗಿಲಲ್ಲೇ ವಾಸನೆ ಹಿಡಿದುಬಿಡುತ್ತಿದ್ದ. ಸಂಜೆಗೆ ಗರಡಿಗೆ ಬಂದು ಅಂಗಾತ ಮಲಗುತ್ತಿದ್ದ, ತನಗೆ ಗೊತ್ತಿದ್ದ ಒಂದೇ ಒಂದು ಮೊಣಕೈ ಪಟ್ಟು ಹಾಕಲು ಹೋಗುತ್ತಿದ್ದ, ಕೊನೆಗೆ ತಾನೇ ತಟ್ಟಿ, ಕೈ ಕುಲುಕಿ, ಕೆಳಗಿಳಿದು ಗಿಣ್ಣಿನ ಉಂಡೆ ತಿಂದು ಮನೆಗೆ ಹೋಗುತ್ತಿದ್ದ. ಒಬ್ಬನೂ ಅವನಿಗೆ ಎಂದೂ ತಟ್ಟಿರಲಿಲ್ಲ. ತಪ್ಪಾಯಿತು, ಒಬ್ಬ ತಟ್ಟಿದ್ದ. ಅವನಿಗೆ ಮೀನಖಂಡ ಹಿಡಿದುಕೊಂಡಿತ್ತು.

ಇಂಥ ಸಾಧು ಪ್ರಾಣಿಯ ಬಾಯಲ್ಲಿ ಆ ಮಾತು ಹೊರಟದ್ದು ಅತ್ತೆ ಮನೆಯ ಹಿತ್ತಲಿನಲ್ಲಿ, ಭಾನುವಾರದ ಕೆಂಡದ ಊಟದ ಹೊತ್ತಿಗೆ.

ನಮ್ಮ ಕಡೆ ಭಾನುವಾರ ಮಾಂಸ ಸುಡುವ ಒಲೆಯ ಮುಂದೆ ಇಕ್ಕಳ ಹಿಡಿದು ನಿಂತವನೇ ಮನೆಯ ಯಜಮಾನ. ಯಾರ ತಟ್ಟೆಗೆ ಯಾವ ತುಂಡು ಎಂದು ತೀರ್ಮಾನಿಸುವವನು ಅವನು. ಅತ್ತೆ ಡೋನಾ ಒಡೇಟಿಯವರ ಹಿತ್ತಲಲ್ಲಿ ಆ ಇಕ್ಕಳ ಅವರ ಮಗ ಎರಾಲ್ಡೊನ ಕೈಯಲ್ಲಿತ್ತು. ಜುರಾಂಡಿರನ ಹೆಂಡತಿ ಇವೋನಿಗೆ ಅಣ್ಣ, ಕಾರಿನ ತಗಡು ಬಡಿಯುವ ಗ್ಯಾರೇಜಿನ ಮಾಲೀಕ, ತೋಳುಗಳು ಲಾರಿಯಿಂದ ಬಿಚ್ಚಿ ಹಾಕಿಸಿಕೊಂಡ ಹಾಗೆ. ಮದುವೆಯಾದ ಮೊದಲ ಭಾನುವಾರದಿಂದ ಜುರಾಂಡಿರನ ತಟ್ಟೆಗೆ ಬೀಳುತ್ತಿದ್ದದ್ದು ಸುಟ್ಟು ಕರಕಾದ ಸಾಸೇಜಿನ ಬಾಲ. ಒಮ್ಮೆ ಅವನು ಒಲೆಯ ಕಡೆ ಕೈ ಚಾಚಿದ್ದಕ್ಕೆ ಎರಾಲ್ಡೊ ಕೋಳಿ ಹೃದಯಗಳ ಬೋಗುಣಿ ಕೊಟ್ಟು, ಹೆಂಗಸರ ಜೊತೆ ಕೂತು ಕಡ್ಡಿಗೆ ಚುಚ್ಚು ಎಂದಿದ್ದ. ಅಂದಿನಿಂದ ಅದೇ ಅವನ ಖಾತೆಯಾಯಿತು. ಜುರಾಂಡಿರ್ ಚುಚ್ಚುತ್ತಾ ಕೂತಾಗ ಇಕ್ಕಳದ ಕಡೆ ನೋಡುತ್ತಿದ್ದ ನೋಟವನ್ನು ಬೇರೆ ಗಂಡಸರು ಬೇರೆ ಕಡೆಗೆ ಬೀರುತ್ತಾರೆ.

ಆ ಭಾನುವಾರ ಎರಾಲ್ಡೊ ಇಕ್ಕಳವನ್ನು ಕಟಕಟ ಎನ್ನಿಸುತ್ತಾ ಕೇಳಿದ, "ಏನ್ ಭಾವ, ಇಷ್ಟ್ ವರ್ಷದಿಂದ ಚಾಪೆ ಮೇಲೆ ಹೊರಳಾಡ್ತಿದ್ದೀಯಲ್ಲ, ಒಬ್ಬನಾದ್ರೂ ನಿಂಗೆ ತಟ್ಟಿದ್ನಾ?"

ಜುರಾಂಡಿರನ ಬಾಯಲ್ಲಿ ಹುರಿದ ಮರಗೆಣಸಿನ ಹಿಟ್ಟು ತುಂಬಿತ್ತು. ಒಳ್ಳೆಯವನಿಗೆ ಅಷ್ಟೇ ಸಾಕಿತ್ತು ಸುಮ್ಮನಿರಲು. ಆದರೆ ಅವನು ನುಂಗಿದ.

"ತಟ್ಟದವ್ರು ಯಾರಿದ್ದಾರೆ ಅಂತ ಕೇಳು ಭಾವ. ಹುಡುಕ್ಬೇಕು."

ಇವೋನಿ ತಲೆ ತಗ್ಗಿಸಿದಳು, ಏಕೆಂದರೆ ಅವನ ಬೆವರಿನ ನಿಲುವಂಗಿ ಒಗೆಯುವವಳು ಅವಳು, ಅದರ ಬೆನ್ನು ಮಾತ್ರ ಸವೆದಿರುವುದು ಅವಳಿಗೆ ಗೊತ್ತು. ಆದರೆ ಅತ್ತೆ ಡೋನಾ ಒಡೇಟಿ ಆ ಮಾತನ್ನು ಕೂಡಲೇ ನಂಬಿದರು. ಮಗನ ಜಂಬ ಕೇಳಿ ಕೇಳಿ ಅವರಿಗೆ ಸಾಕಾಗಿ ಹೋಗಿತ್ತು. ನಮ್ಮ ಅಳಿಯಂದಿರು ಬಾಯಿ ಬಿಟ್ಟು ಹೇಳಿಕೊಳ್ಳುವವರಲ್ಲ, ತುಂಬಿದ ಕೊಡ ಎಂದು ಅವರು ಬೇಲಿಯಾಚೆಯ ಮನೆಗೂ ಕೇಳುವ ಹಾಗೆ ತೀರ್ಪು ಕೊಟ್ಟರು.

ಎರಾಲ್ಡೊ ಒಲೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದ. ಶನಿವಾರ ಗರಡಿಗೆ ತಾನೇ ಬರುತ್ತೇನೆ ಎಂದ. "ನನ್ ಕೈ ತಟ್ಟಿಸ್ಬಿಡು, ಮುಂದಿನ ಭಾನುವಾರದಿಂದ ಇಕ್ಕಳ ನಿಂದು. ಇಲ್ದಿದ್ರೆ ಸಾಯೋವರ್ಗೂ ಕೋಳಿ ಹೃದಯ ಚುಚ್ಚೋ ಕೆಲ್ಸ ನಿಂದೇ. ಏನಂತೀಯಮ್ಮ?"

ಅಮ್ಮ ಆಗಲಿ ಎಂದರು. ಜುರಾಂಡಿರ್ ಏನೆಂದ ಎಂಬುದು ಯಾರಿಗೂ ಕೇಳಿಸಲಿಲ್ಲ. ಅವನಿಗೆ ಹಿಟ್ಟು ನೆತ್ತಿಗೇರಿತ್ತು.

ಸೋಮವಾರ ಬೆಳಿಗ್ಗೆ ಡೋನಾ ಒಡೇಟಿ ಬ್ರೆಡ್ಡು ತರಲು ಹೋದರು, ಜೊತೆಗೆ ಸುದ್ದಿಯನ್ನೂ ಒಯ್ದರು. ಅಮಾಂಸಿಯೊ ಅದನ್ನು ಬಿಸಿ ಬಿಸಿಯಾಗಿ ಪ್ರತಿ ಕಾಫಿ ಲೋಟದ ಜೊತೆ ಹಂಚಿದ. ಸಂಜೆ ನಾವು ಮೆಟ್ಟಿಲು ಹತ್ತುವ ಹೊತ್ತಿಗೆ, ನಾವೆಲ್ಲರೂ ಜುರಾಂಡಿರನಿಗೆ ಸೋತವರೆಂಬ ಸಂಗತಿ ನಮಗೂ ತಿಳಿಯಿತು.

ಗರಡಿಯಲ್ಲಿ ದಾಲ್ವಾ ಎಂಬ ಹೆಂಗಸಿದ್ದಾಳೆ. ಹಗಲು ಸಿಟಿ ಬಸ್ಸು ಓಡಿಸುತ್ತಾಳೆ, ಸಂಜೆ ನೇರಳೆ ಪಟ್ಟಿ ಕಟ್ಟಿ ನಮ್ಮನ್ನು ಓಡಿಸುತ್ತಾಳೆ. ಒಮ್ಮೆ ನೋಡಿದರೆ ಸಾಕು, ಯಾರ ನಡಿಗೆ ಯಾರ ದನಿ ಬೇಕಾದರೂ ಹಾಗೇ ತೆಗೆದು ತೋರಿಸುತ್ತಾಳೆ. ಇಂಥ ಹೊತ್ತಿನಲ್ಲಿ ತಡೆಯಬೇಕಾಗಿದ್ದ ಒಟಾಸಿಲಿಯೊ ಮೇಷ್ಟ್ರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಕೊಲ್ಲಿಯಾಚೆ ಮಗಳ ಮನೆಗೆ ಹೋಗಿದ್ದರು. ಕಣ್ಣಿಲ್ಲದ ಗರಡಿಯಲ್ಲಿ ದಾಲ್ವಾ ಸಭೆ ಸೇರಿಸಿದಳು.

"ಜುರಾಂಡಿರಣ್ಣ ಎಲ್ರೂ ತಟ್ಟಿದ್ದಾರೆ ಅಂದಿದ್ದಾನೆ. ದೊಡ್ಡವ್ರ ಮಾತು ಸುಳ್ಳಾಗ್ಬಾರ್ದು. ತಟ್ಟೋಣ."

ಹೀಗೆ ಶುರುವಾಯಿತು. ಸೋಮವಾರ ಮೊದಲು ಕಾವಲಿನೊಳಗೆ ಹೋದವಳು ದಾಲ್ವಾಳೇ. ಜುರಾಂಡಿರ್ ಕೈ ಹಿಡಿದ, ಸೊಂಟ ಹೊರಳಿಸುವುದಕ್ಕೆ ಮೊದಲು ಎಂದಿನಂತೆ ನಿಟ್ಟುಸಿರು ಬಿಟ್ಟ. ಅಷ್ಟರಲ್ಲಿ ಟಪ್ ಟಪ್ ಎಂದು ತಟ್ಟುವ ಸದ್ದು. ಯಾರು ತಟ್ಟಿದ್ದೆಂದು ಅವನು ಅತ್ತಿತ್ತ ನೋಡಿದ. ದಾಲ್ವಾ ಮೊಣಕೈ ನೀವಿಕೊಳ್ಳುತ್ತಾ, ಸ್ವಲ್ಪ ನಿಧಾನ ಅಣ್ಣ, ನಾಳೆ ಬಸ್ಸಿನ ಚಕ್ರ ತಿರುಗಿಸಬೇಕು ಎಂದಳು. ಆಮೇಲೆ ಅಗ್ನಿಶಾಮಕ ದಳದ ಬೆಲ್ಮಿರೊ ಹೋದ. ಅವನು ಮೇಲೆ ಕೂತರೆ ಕೆಳಗಿನ ಬೇಕರಿಯ ದೀಪ ತೂಗುತ್ತದೆ, ಅಂಥ ಆಳು. ಅವನೂ ತಟ್ಟಿದ, ಜೊತೆಗೆ ಅಮ್ಮಾ ಎಂದ. ಹೋದವರೆಲ್ಲ ತಟ್ಟಿದರು.

ನಕಲಿ ಸಹಿಯನ್ನು ಬಾಗಿಲಲ್ಲೇ ಹಿಡಿಯುವ ಮನುಷ್ಯ, ಇದನ್ನು ಹಿಡಿಯಲಿಲ್ಲವೇ ಎಂದು ನೀವು ಕೇಳಬಹುದು. ಕಸ್ಕಡೂರದವನಾದ್ದರಿಂದಲೇ ಹಿಡಿಯಲಿಲ್ಲ. ಬೇರೆ ಊರಿನವನಾಗಿದ್ದರೆ ಮೊದಲ ದಿನವೇ ಅನುಮಾನ ಪಡುತ್ತಿದ್ದ. ಇಲ್ಲಿ ಹುಟ್ಟಿದವನಿಗೆ ಸೂರ್ಯನ ಮೇಲೆ ಅನುಮಾನ ಬಂದೀತು, ತಟ್ಟಿದ ಕೈಯ ಮೇಲೆ ಬರುವುದಿಲ್ಲ. ಇಷ್ಟು ವರ್ಷ ಒಳಗೆ ಹುದುಗಿದ್ದ ವಿದ್ಯೆ ಈಗ ಮೊಳೆಯಿತು ಎಂದು ಅವನು ತಿಳಿದ. ಅದು ಹುದುಗಿದ್ದದ್ದಂತೂ ನಿಜ, ಬಹಳ ಆಳದಲ್ಲಿತ್ತು.

ಮಂಗಳವಾರ ಅವನ ನಡಿಗೆ ಬದಲಾಯಿತು. ಕಂಕುಳಲ್ಲಿ ಎರಡು ಕಲ್ಲಂಗಡಿ ಇಟ್ಟುಕೊಂಡವನ ಹಾಗೆ ತೋಳು ಅಗಲಿಸಿ ಬಂದ. ಬುಧವಾರ ನೋಟರಿ ಕಚೇರಿಯಲ್ಲಿ, ವಾರವಾರ ಬಂದು ಕೂಗಾಡುವ ಒಬ್ಬ ವಕೀಲರು ಕಟಕಟೆಯ ಮೇಲೆ ಮೊಣಕೈ ಊರಿ ಕೂಗಾಡತೊಡಗಿದರು. ಜುರಾಂಡಿರ್ ಮುಖ ನೋಡಲಿಲ್ಲ, ಮೊಣಕೈ ನೋಡಿದ.

"ವಕೀಲ್ರೇ, ಅದನ್ನ ಅಲ್ಲಿ ಇಡ್ಬೇಡಿ. ಒಳ್ಳೇದಕ್ಕೆ ಹೇಳ್ತಿದ್ದೀನಿ."

ವಕೀಲರು ಬೇಕರಿಯ ಕಾಫಿ ಕುಡಿದೇ ಬಂದವರು. ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡು ಜೇಬಿನಲ್ಲಿ ಭದ್ರಪಡಿಸಿದರು. ಹಿಂದೆ ನಿಂತವರು ಅದನ್ನು ಕಂಡರು. ಮಧ್ಯಾಹ್ನದ ಹೊತ್ತಿಗೆ ಇಡೀ ಸಾಲು ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಮಳೆಗೆ ನೆನೆದ ಕೋಳಿಗಳ ಹಾಗೆ ಶಿಸ್ತಾಗಿ ನಿಂತಿತ್ತು. ಕಚೇರಿ ಶುರುವಾದಂದಿನಿಂದ ಅಂಥ ಮೌನವನ್ನು ತಾನು ಕಂಡಿಲ್ಲವೆಂದು ಮೇಲಧಿಕಾರಿ ಬಾಗಿಲಲ್ಲೇ ನಿಂತು ಮೆಚ್ಚಿಕೊಂಡರು. ಮನೆಯಲ್ಲಿ ಊಟವಾದ ಮೇಲೆ ಮಲಗಿದರೆ ಜುರಾಂಡಿರ್ ದಿಂಬನ್ನು ಕಾಲಲ್ಲಿ ಸುತ್ತಿ ಅದರ ಒಂದು ಮೂಲೆ ಹಿಡಿದು ಜಗ್ಗುತ್ತಿದ್ದ. ಹತ್ತಿ ಹೊರಬರುವುದನ್ನು ನೋಡಲಾರದೆ ಇವೋನಿ ದಿಂಬಿನ ಪರವಾಗಿ ತಾನೇ ಎರಡು ಸಲ ತಟ್ಟಿದಳು. ಅವನು ನಿದ್ದೆಯಲ್ಲೇ ದಿಂಬು ಬಿಟ್ಟು ಗೊರಕೆ ಹೊಡೆದ. ಧರ್ಮ ತಪ್ಪುವ ಆಳಲ್ಲ.

ಗುರುವಾರ ಕಾರಿನ ಪ್ರಕರಣ ನಡೆಯಿತು.

ಜುರಾಂಡಿರನ ವಠಾರದಲ್ಲಿ ಒಬ್ಬ ಹಲ್ಲಿನ ಡಾಕ್ಟರು. ಜುರಾಂಡಿರನ ಕಾರು ನಿಲ್ಲಬೇಕಾದ ಜಾಗದಲ್ಲಿ ಯಾವಾಗಲೂ ತಮ್ಮ ಕಾರು ನಿಲ್ಲಿಸುವುದು ಅವರ ರೂಢಿ. ಜುರಾಂಡಿರ್ ಇಷ್ಟು ವರ್ಷ ತನ್ನ ಕಾರನ್ನು ಚರ್ಚಿನ ಪಕ್ಕ, ಪಾರಿವಾಳಗಳ ಆಶೀರ್ವಾದಕ್ಕೆ ಬಿಟ್ಟು ಬರುತ್ತಿದ್ದ. ಅಂದು ಸಂಜೆ ಡಾಕ್ಟರು ಕಾರಿನಿಂದ ಇಳಿದಾಗ ಅವನು ಎದುರು ನಿಂತಿದ್ದ. ಈ ಜಾಗ ನನ್ನದು ಎಂದ. ಡಾಕ್ಟರು ನಕ್ಕರು. ಹಾಗಾದರೆ ಇತ್ಯರ್ಥವಾಗಲಿ ಎಂದ ಜುರಾಂಡಿರ್, ಕನ್ನಡಕ ತೆಗೆದು ಗೋಡೆಯ ಮೇಲಿಟ್ಟ, ಡಾಕ್ಟರ ಕಾರಿನ ಮುಂದೆ ಸಿಮೆಂಟಿನ ಮೇಲೆ ಅಂಗಾತ ಮಲಗಿದ, ಎರಡೂ ಕಾಲುಗಳನ್ನು ಗಾಳಿಗೆತ್ತಿ ಅಗಲಿಸಿ, ಬೆರಳಾಡಿಸುತ್ತಾ ಕರೆದ, "ಬನ್ನಿ ಡಾಕ್ಟ್ರೇ. ಒಳಗ್ ಬನ್ನಿ."

ಡಾಕ್ಟರು ಹಲ್ಲಿಗಷ್ಟೇ ಓದಿದವರು. ಉಳಿದ ದೇಹಕ್ಕೆ ಏನಾಗಿದೆಯೆಂದು ಅವರಿಗೆ ತಿಳಿಯಲಿಲ್ಲ. ಜಗಳದ ಮಧ್ಯೆ ಮನುಷ್ಯ ಬಿದ್ದಿದ್ದಾನೆ, ಕಾಲು ಸೆಟೆದಿವೆ, ಬೆರಳು ನಡುಗುತ್ತಿವೆ. ಗಾಬರಿಯಿಂದ ಅಗ್ನಿಶಾಮಕ ದಳಕ್ಕೆ ಫೋನು ಮಾಡಿದರು, ನಮ್ಮಲ್ಲಿ ಬಿದ್ದವರನ್ನು ಎತ್ತಲು ಬರುವವರೂ ಅವರೇ. ಮಹಡಿಗಳ ಕಿಟಕಿಗಳೆಲ್ಲ ತೆರೆದವು. ಮೂರನೆಯ ಮಹಡಿಯ ಮುದುಕಿಯೊಬ್ಬಳು ಮೂರ್ಛೆಗೆ ಈರುಳ್ಳಿ ಮೂಸಿಸಿ ಎಂದಳು. ಎರಡನೆಯ ಮಹಡಿಯವನು, ಅದು ಮೂರ್ಛೆಯಲ್ಲಜ್ಜಿ, ಕಾವಲು, ಬೇಕರಿಯಲ್ಲಿ ಹೇಳ್ತಿದ್ದದ್ದು ಇವನ ವಿಷಯವೇ ಎಂದು ವಿವರಿಸಿದ. ಜುರಾಂಡಿರ್ ಕಾಲಿಳಿಸಲಿಲ್ಲ. ಎದುರಾಳಿ ಬರುವವರೆಗೆ ಕಾವಲು ಬಿಡಬಾರದೆಂದು ಮೇಷ್ಟ್ರು ಹೇಳಿಕೊಟ್ಟಿದ್ದರು.

ಕೆಂಪು ಗಾಡಿ ಕಿರುಚುತ್ತಾ ಬಂತು. ಅದರಿಂದ ಔಷಧಿ ಚೀಲ ಹಿಡಿದು ಇಳಿದವನು ನಮ್ಮ ಬೆಲ್ಮಿರೊ.

ಬಿದ್ದವನ ಗುರುತು ಹತ್ತಿದ ಕೂಡಲೇ ಬೆಲ್ಮಿರೊನ ಮುಖದ ರಕ್ತ ಇಳಿಯಿತು. ಅಯ್ಯೋ, ನಮ್ಮ ತಮಾಷೆಗೆ ಪಾಪದವನ ಎದೆ ಒಡೆಯಿತೇ ಎಂದುಕೊಂಡು ಓಡಿಬಂದು, ಎತ್ತಿದ ಕಾಲುಗಳ ಮಧ್ಯೆಯೇ ಮಂಡಿಯೂರಿ, ನಾಡಿ ನೋಡಲು ಕೈ ಚಾಚಿದ. ಕನ್ನಡಕವಿಲ್ಲದ ಜುರಾಂಡಿರನಿಗೆ ಕಂಡದ್ದು ಚಾಚಿದ ಒಂದು ಕೈ ಮಾತ್ರ. ಅದನ್ನು ಎದೆಗೆ ಅವುಚಿದ, ಹೊರಳಿದ, ಕಾಲು ಹಾಯಿಸಿದ, ಸೊಂಟ ಎತ್ತಿದ. ಬೆಲ್ಮಿರೊ ಡಾಕ್ಟರ ಕಾರಿನ ಬಾನೆಟ್ಟಿಗೆ ತಟ್ಟಿದ ಸದ್ದು ನಾಲ್ಕನೆಯ ಮಹಡಿಗೂ ಕೇಳಿಸಿತು. ಬಾನೆಟ್ಟಿನಲ್ಲಿ ಒಂದು ತಗ್ಗು ಇವತ್ತಿಗೂ ಇದೆ.

ಸರ್ಕಾರದ ಸಮವಸ್ತ್ರ, ಅದರೊಳಗೆ ಗೂಳಿಯಂಥ ಆಳು, ಬಂದು ಮಂಡಿಯೂರುವಷ್ಟರಲ್ಲೇ ಸೋತ. ವಠಾರ ಕಿಟಕಿಯಲ್ಲೇ ಚಪ್ಪಾಳೆ ಹೊಡೆಯಿತು. ಡಾಕ್ಟರು ಮಾತಾಡದೆ ಕಾರು ಹಿಂದಕ್ಕೆ ತೆಗೆದು ಚರ್ಚಿನ ದಿಕ್ಕಿಗೆ ಹೊರಟುಹೋದರು.

ಶುಕ್ರವಾರ ಮೇಷ್ಟ್ರು ಹೊಸ ಕಣ್ಣಿನೊಂದಿಗೆ ಬಂದರು. ಮೊದಲು ಕಂಡದ್ದೇನೆಂದರೆ, ಜುರಾಂಡಿರ್ ತನ್ನ ಪಟ್ಟಿ ಬಿಗಿ ಮಾಡಿಕೊಳ್ಳಲು ಕೈ ಎತ್ತಿದ್ದಕ್ಕೇ ಎದುರು ಕೂತವನು ತಟ್ಟಿದ್ದು. ಕಣ್ಣು ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಜುರಾಂಡಿರ್ ಮನೆಗೆ ಹೋಗುವವರೆಗೆ ಕಾದು, ನಮ್ಮನ್ನು ಗೋಡೆಗೆ ಸಾಲಾಗಿ ನಿಲ್ಲಿಸಿದರು. ಮೇಷ್ಟ್ರು ಕೂಗುವವರಲ್ಲ. ಕೂಗಿದ್ದರೆ ಚೆನ್ನಾಗಿತ್ತು.

"ಕೈ ಮುರೀತದೆ ಅಂದ್ರೂ ಬಿಡಲ್ಲ ಅನ್ನೋ ಜನ ಇರೋ ಊರಲ್ಲಿ, ಎರಡು ಸಲ ತಟ್ಟಿದ್ರೆ ಬಿಡ್ತಾರೆ ಅನ್ನೋ ಒಂದ್ ನಂಬಿಕೆ ಮೇಲೆ ನಾವು ಇಷ್ಟ್ ವರ್ಷ ಮೈ ಮೇಲೆ ಮೈ ಹಾಕಿ ಬದುಕಿದೀವಿ. ಅದನ್ನ ನೀವು ಆಟಕ್ಕೆ ಬಳಸ್ಕೊಂಡ್ರಾ?"

ನಾಳೆ ಅವನ ಭಾವ ಬರುತ್ತಾನೆ, ಅತ್ತೆ ಬರುತ್ತಾರೆ, ಬೇಕರಿ ಮುಚ್ಚಿ ಅಮಾಂಸಿಯೊನೂ ಬರುತ್ತಾನೆ ಎಂದು ಬೆಲ್ಮಿರೊ ತೊದಲಿದ. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಆ ಗ್ಯಾರೇಜಿನ ಎತ್ತು ಎದುರು ನಿಂತಾಗ ಇವನು ಗೆಲ್ಲುವ ನಂಬಿಕೆಯಲ್ಲಿ ಮಲಗುತ್ತಾನೆ, ಕೈ ಮುರಿದುಕೊಳ್ಳುತ್ತಾನೆ, ಅದಕ್ಕೆ ಮೊದಲು ನಿಜ ಹೇಳಿ ಎಂದರು. ದಾಲ್ವಾ ಮುಂದೆ ಬಂದಳು. "ನಾನೇ ಹೇಳ್ತೀನಿ ಮೇಷ್ಟ್ರೇ. ಬೆಂಕಿ ಹಚ್ಚಿದವ್ಳು ನಾನು." ಹಾಗೆಂದು ಬಸ್ಸಿನ ಬೀಗದ ಕೈ ತೆಗೆದುಕೊಂಡು ಇಳಿದು ಹೋದಳು. ಹೇಳಿರುತ್ತಾಳೆ ಎಂದು ನಾವೆಲ್ಲ ನಂಬಿದೆವು.

ಶನಿವಾರ ಗರಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಡೋನಾ ಒಡೇಟಿ ಭಾನುವಾರದ ಪೂಜೆಗೆ ಉಡುವ ಉಡುಪಿನಲ್ಲಿ ಮುಂದಿನ ಬೆಂಚಿನ ಮಧ್ಯೆ ಕೂತಿದ್ದರು. ಜುರಾಂಡಿರನ ಮುಖದಲ್ಲಿ ಭಯವೇ ಇಲ್ಲ. ನಿಜ ತಿಳಿದೂ ಎಂಥ ಎದೆಗಾರಿಕೆ ಎಂದು ಮೇಷ್ಟ್ರಿಗೆ ಕಣ್ಣು ತುಂಬಿತು, ಹೊಸ ಕಣ್ಣು ಬೇರೆ. ನಾನು ದಾಲ್ವಾಳ ಕಡೆ ನೋಡಿದೆ. ಅವಳು ಚಾವಣಿಯ ಕಡೆ ನೋಡುತ್ತಿದ್ದಳು. ಆಗ ನನಗೆ ತಿಳಿಯಿತು, ಅವಳು ಅವನಿಗೆ ಏನೂ ಹೇಳಿಲ್ಲವೆಂದು.

ಜುರಾಂಡಿರ್ ಕೈ ಕುಲುಕಿ ಕೂಡಲೇ ಅಂಗಾತ ಮಲಗಿದ. ಎರಾಲ್ಡೊ ನಿಂತೇ ಇದ್ದ, ಗ್ಯಾರೇಜಿಗೆ ಬಂದ ಜಜ್ಜಿದ ಕಾರನ್ನು ನೋಡುವ ಹಾಗೆ ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿದ. ಜುರಾಂಡಿರ್ ಬೆನ್ನ ಮೇಲೆ ಬುಗುರಿಯ ಹಾಗೆ ತಿರುಗುತ್ತಾ ಕಾಲುಗಳನ್ನು ಅವನ ಕಡೆಗೇ ಇಟ್ಟ. ಇನ್ನೊಂದು ಪ್ರದಕ್ಷಿಣೆ, ಇನ್ನೊಂದು ಬುಗುರಿ. ಡೋನಾ ಒಡೇಟಿಗೆ ತಡೆಯಲಾಗಲಿಲ್ಲ.

"ಲೋ, ಭಾವ ಕರೀತಿದ್ದಾರೆ, ಒಳಗ್ ಹೋಗೋ. ದೇವಸ್ಥಾನ ಸುತ್ತೋಕ್ ಬಂದಿದ್ಯಾ?"

ಎರಾಲ್ಡೊ ಮಂಡಿಯೂರಿ ಒಳಗೆ ಹೋದ. ಜುರಾಂಡಿರ್ ಸೊಂಟಕ್ಕೆ ಕಾಲು ಕಟ್ಟಿದ. ಮೇಷ್ಟ್ರು ಮಧ್ಯೆ ನುಗ್ಗಲು ಸಿದ್ಧರಾಗಿ ಒಂದು ಹೆಜ್ಜೆ ಇಟ್ಟರು. ಬೆಲ್ಮಿರೊ ಔಷಧಿ ಚೀಲದ ಜಿಪ್ಪು ತೆಗೆದ. ಎರಾಲ್ಡೊನ ಲಾರಿ ತೋಳು ಮೇಲೆದ್ದು, ಇಳಿಯುತ್ತಾ ಬಂದು, ಹೇಗೋ ಏನೋ, ನೆಟ್ಟಗೆ ಜುರಾಂಡಿರನ ಎದೆಯ ಮೇಲೆ ಬಂದು ಕೂತಿತು. ಅವನು ಅವುಚಿದ, ಹೊರಳಿದ, ಕಾಲು ಹಾಯಿಸಿದ, ಸೊಂಟ ಎತ್ತಿದ. ಎರಾಲ್ಡೊನ ಮುಖ ಟೊಮೆಟೊ ಆಯಿತು, ಕತ್ತಿನ ನರ ಉಬ್ಬಿತು, ಗಂಟಲಿಂದ ಹಳೆಯ ಗೇರ್ ಬಾಕ್ಸಿನ ಶಬ್ದ ಹೊರಟಿತು. ಟಪ್. ಟಪ್.

ಆಮೇಲೆ ನಡೆದದ್ದು ಹಬ್ಬ. ಅಮಾಂಸಿಯೊ ಕೆಳಗಿನಿಂದ ಬಿಸಿ ಬನ್ನು ತಂದು ಎಲ್ಲರ ಮೇಲೂ ಎಸೆದ. ಡೋನಾ ಒಡೇಟಿ ಬೂಟು ಬಿಡದೆ ಚಾಪೆ ಹತ್ತಿ ಅಳಿಯನ ಹಣೆಗೆ ಮುತ್ತಿಟ್ಟರು. ಅದು ಗರಡಿಯಲ್ಲಿ ಮಹಾಪಾಪ, ಮೇಷ್ಟ್ರು ಸುಮ್ಮನಿದ್ದರು. ಇವೋನಿ ಮಾತ್ರ ಅಣ್ಣನ ಮುಖವನ್ನೇ ಬಹಳ ಹೊತ್ತು ನೋಡಿದಳು.

ಭಾನುವಾರ ಇಡೀ ಗರಡಿಗೆ ಡೋನಾ ಒಡೇಟಿಯವರ ಹಿತ್ತಲಿನಲ್ಲಿ ಊಟ. ಮಾವಿನ ಮರದ ಕೆಳಗೆ ಎರಾಲ್ಡೊ ಎಲ್ಲರೆದುರು ಇಕ್ಕಳವನ್ನು ಎರಡೂ ಕೈಯಲ್ಲಿ ಭಾವನಿಗೆ ಒಪ್ಪಿಸಿದ. ಜುರಾಂಡಿರ್ ಅದನ್ನು ಎರಡು ಸಲ ಕಟಕಟ ಎನ್ನಿಸಿ ನೋಡಿದ. ಆ ಸದ್ದು ಅವನ ಮುಖದಲ್ಲಿ ತಂದ ಬೆಳಕನ್ನು ನಾನು ವರ್ಣಿಸಲು ಹೋಗುವುದಿಲ್ಲ. ತಾಯಿ ಮಗುವನ್ನು ಮೊದಲು ಎತ್ತಿಕೊಂಡಾಗ ನೋಡಿದವರು ಅರ್ಥ ಮಾಡಿಕೊಳ್ಳಲಿ.

ಕೆಂಡ ಕಾಯಿತು. ಗಾಳಿ ತಿರುಗಿತು. ಆ ಹಿತ್ತಲಿನ ಗಾಳಿಯ ಗುಣವೇನೆಂದರೆ, ಒಲೆಯ ಯಾವ ಕಡೆ ನಿಂತರೂ ಹೊಗೆ ಹುಡುಕಿಕೊಂಡು ಬರುತ್ತದೆ. ಅತ್ತೆ ತಮ್ಮ ತುಂಡು ಇನ್ನೂ ಬೇಯಲಿ ಎಂದರು. ಇವೋನಿ ತನ್ನದು ಬೆಂದುಹೋಯಿತು ಎಂದಳು. ಅಮಾಂಸಿಯೊ ಕೊಬ್ಬು ತೆಗೆದು ಕೊಡಿ ಎಂದ, ಬೆಲ್ಮಿರೊ ತೆಗೆದ ಕೊಬ್ಬು ತನಗೆ ಎಂದ. ಬೆಳ್ಳುಳ್ಳಿ ಬ್ರೆಡ್ಡು ಹೊತ್ತಿತು, ಸಾಸೇಜು ಉರುಳಿತು. ಜುರಾಂಡಿರನ ಕನ್ನಡಕಕ್ಕೆ ಮಸಿ ಹತ್ತಿತು, ಕಣ್ಣಲ್ಲಿ ಧಾರೆ ಇಳಿಯಿತು. ಅವನ ಬಾಯಿಗೆ ಆವರೆಗೆ ಒಂದು ತುಂಡೂ ಹೋಗಿರಲಿಲ್ಲ. ಆದರೂ ಮೂಗು ಒರೆಸಿಕೊಳ್ಳುತ್ತಾ ಎರಾಲ್ಡೊನಿಗೆ, ನೀನು ಕೈ ಚಾಚಬಾರದಿತ್ತು ಭಾವ, ಮೊಣಕೈ ಒಳಗಿಡಬೇಕು ಎಂದು ಪಾಠ ಹೇಳುತ್ತಿದ್ದ. ಎರಾಲ್ಡೊ ಮರದ ನೆರಳಲ್ಲಿ ತೂಗುಮಂಚದ ಮೇಲೆ ಕಾಲು ಚಾಚಿ, ತಣ್ಣನೆಯ ಬಿಯರು ಹೊಟ್ಟೆಯ ಮೇಲಿಟ್ಟುಕೊಂಡು, ಹೌದು ಭಾವ, ನಿಜ ಭಾವ ಎನ್ನುತ್ತಿದ್ದ. ಸೋತವನ ಕಾಲಿನ ಹೆಬ್ಬೆರಳು ಅಷ್ಟು ಸಂತೋಷದಿಂದ ಆಡುವುದನ್ನು ನಾನು ಎಲ್ಲೂ ಕಂಡಿಲ್ಲ.

ಅಷ್ಟರಲ್ಲಿ ಯಾರೋ ದಾಲ್ವಾಳಿಗೆ ಡಾಕ್ಟರ ಅನುಕರಣೆ ಮಾಡಿ ತೋರಿಸು ಎಂದರು. ಅವಳು ಎದ್ದಳು. ತೂಗುಮಂಚದಿಂದ ಎರಾಲ್ಡೊ ಕೂಗಿದ, "ಡಾಕ್ಟ್ರು ಬೇಡಕ್ಕ. ಶುಕ್ರವಾರ ಗ್ಯಾರೇಜಲ್ಲಿ ಮಲಗಿ ಮಾಡಿ ತೋರ್ಸಿದ್ಯಲ್ಲ, ನಮ್ ಭಾವಂದು, ಅದನ್ನೇ ಇನ್ನೊಂದ್ಸಲ ಮಾಡು."

ದಾಲ್ವಾ ನಿಂತಲ್ಲೇ ಕಲ್ಲಾದಳು. ಜುರಾಂಡಿರ್ ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿ, ಹಾಕಿಕೊಂಡು, ಅವಳನ್ನು ನೋಡಿದ. ಆ ನೋಟ ನಮಗೆ ಹೊಸದು. ನೋಟರಿ ಕಚೇರಿಯಲ್ಲಿ ಕಾಗದ ತಂದವರಿಗೆ ಅದು ಗೊತ್ತಿರಬೇಕು.

"ಶುಕ್ರವಾರ ಅವ್ನ ಗ್ಯಾರೇಜಲ್ಲಿ ನಿಂಗೇನ್ ಕೆಲ್ಸ ದಾಲ್ವಾ?"

ಅವಳು ಎಲ್ಲವನ್ನೂ ಹೇಳಿದಳು. ನಿನಗೆ ಹೇಳೋಣವೆಂದೇ ಹೊರಟೆ, ಕಿಟಕಿಯಲ್ಲಿ ನೋಡಿದರೆ ನೀನು ಕನ್ನಡಿ ಮುಂದೆ ಸೌಟು ಹಿಡಿದು ಇಕ್ಕಳ ಹಿಡಿಯುವುದನ್ನು ಅಭ್ಯಾಸ ಮಾಡುತ್ತಿದ್ದೆ, ಬಾಯಿ ಬರಲಿಲ್ಲ ಎಂದಳು. ಅದಕ್ಕೇ ಎರಾಲ್ಡೊನ ಬಳಿ ಹೋಗಿ, ಕೈ ಮುರಿಯಬೇಡ, ಒಂದು ಸಲ ತಟ್ಟಿಬಿಡು ಎಂದು ಬೇಡಿಕೊಂಡಳಂತೆ.

"ಬೇಡ್ಕೊಳ್ಳೋದೇನ್ ಬಂತು," ಎಂದ ಎರಾಲ್ಡೊ, ಎದ್ದು ಕೂತು. "ಅವ್ಳು ಮಾತು ಮುಗಿಸೋಕ್ ಮುಂಚೆ ಒಪ್ಕೊಂಡೆ. ಭಾವ, ಅಪ್ಪ ಸತ್ತಾಗಿಂದ ಆ ಹೊಗೆಲಿ ನಿಂತಿದ್ದೀನಿ. ಅಮ್ಮಂಗೆ ಬೇಯ್ಲಿಲ್ಲ, ತಂಗೀಗ್ ಬೆಂದ್ಹೋಯ್ತು. ಒಂದ್ ಭಾನುವಾರ ಬಿಸಿ ತುಂಡು ತಿಂದಿಲ್ಲ ನಾನು. ನೀನು ಅಲ್ಲಿ ನೆರಳಲ್ಲಿ ಕೂತು ಕೋಳಿ ಹೃದಯ ಚುಚ್ತಿದ್ರೆ ಹೊಟ್ಟೆ ಉರೀತಿತ್ತು ನಂಗೆ."

ಜುರಾಂಡಿರ್ ಒಬ್ಬೊಬ್ಬರನ್ನೇ ಇಕ್ಕಳದಿಂದ ತೋರಿಸುತ್ತಾ ಬಂದ. ನೀನು ಸೋಮವಾರ? ಸುಳ್ಳು. ನೀನು? ಸುಳ್ಳು. ಮಂಗಳವಾರ, ಬುಧವಾರ? ತಲೆಗಳು ಬಗ್ಗಿದವು. ಕೊನೆಗೆ ಇಕ್ಕಳ ಬೆಲ್ಮಿರೊನ ಮುಂದೆ ನಿಂತಿತು. ಬೆಲ್ಮಿರೊ ಮೇಷ್ಟ್ರ ಕಡೆ ನೋಡಿದ, ಆಮೇಲೆ ಅಂಗಿಯ ತೋಳು ಮಡಿಸಿದ. ಮೊಣಕೈ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು.

"ಗರಡೀಲಿ ತಟ್ಟಿದ್ದೆಲ್ಲಾ ಸುಳ್ಳು ಅಣ್ಣ. ಕಾರಿನ ಮುಂದೆ ತಟ್ಟಿದ್ದು ಸುಳ್ಳಲ್ಲ. ನಾಡಿ ನೋಡೋಕ್ ಬಂದವ್ನ ಕೈ ಮುರೀತೀಯಲ್ಲ, ಮನುಷ್ಯನಾ ನೀನು?"

ಮೇಷ್ಟ್ರು ಹೊಸ ಕಣ್ಣಿನಿಂದ ಮೊಣಕೈಯನ್ನು ಹತ್ತಿರ ಹಿಡಿದು ಪರೀಕ್ಷಿಸಿ, ಅಸಲಿ ಎಂದರು.

ನಾವೆಲ್ಲ ಜುರಾಂಡಿರನ ಮುಖವನ್ನೇ ನೋಡುತ್ತಿದ್ದೆವು. ಸಿಟ್ಟು ಬಂದೀತು, ಅಳು ಬಂದೀತು, ಇಕ್ಕಳ ಎಸೆದಾನು. ಅವನು ಏನೂ ಮಾಡದೆ ಎರಾಲ್ಡೊನ ಬಳಿಗೆ ನಡೆದು ಇಕ್ಕಳ ಚಾಚಿದ. "ತಗೋ ಭಾವ. ಸುಳ್ಳು ಗೆಲುವಿಂದು ನಂಗ್ ಬೇಡ."

ಎರಾಲ್ಡೊ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಜುರಾಂಡಿರ್ ದಾಲ್ವಾಳ ಕಡೆ ಚಾಚಿದ. ಅವಳ ಕೈಗಳು ಬೆನ್ನ ಹಿಂದೆ ಹೋದವು. ಅಮಾಂಸಿಯೊ, ಬೆಲ್ಮಿರೊ, ನಾನು. ಮೇಷ್ಟ್ರು ಕೂಡ, ಕಪ್ಪು ಪಟ್ಟಿಯ ಒಟಾಸಿಲಿಯೊ ಮೇಷ್ಟ್ರು, ಎರಡು ಹೆಜ್ಜೆ ಹಿಂದೆ ಸರಿದು ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡರು. ಜುರಾಂಡಿರ್ ಇಕ್ಕಳ ಹಿಡಿದು ಹಿತ್ತಲಿನ ಮಧ್ಯೆ ನಿಂತ, ಅವನು ತಿರುಗಿದ ಕಡೆಯೆಲ್ಲ ಜನ ಕೈ ಬಚ್ಚಿಟ್ಟುಕೊಂಡು ಹಿಂದೆ ಸರಿದರು.

"ಅಳಿಯಂದ್ರೇ," ಎಂದರು ಡೋನಾ ಒಡೇಟಿ ತಟ್ಟೆ ಹಿಡಿದು, "ನಂದು ಇನ್ನೂ ಬೆಂದಿಲ್ಲ."

ಮೊದಲು ಜುರಾಂಡಿರನ ಹೊಟ್ಟೆ ಕುಲುಕಿತು. ಆಮೇಲೆ ಭುಜ. ನಾವು ನಗಬಹುದೋ ಬಾರದೋ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗಲೇ ಅವನಿಂದ ಒಂದು ನಗು ಹೊರಟಿತು. ಅಂಥ ನಗು ಅವನೊಳಗೆ ಇತ್ತೆಂದು ಇವೋನಿಗೂ ಗೊತ್ತಿರಲಿಲ್ಲ. ಎರಾಲ್ಡೊ ನಕ್ಕು ತೂಗುಮಂಚದಿಂದ ಉರುಳಿದ, ದಾಲ್ವಾ ನಕ್ಕು ಬಿಕ್ಕಿದಳು, ಮೇಷ್ಟ್ರು ಹೊಸ ಕಣ್ಣಿಗೆ ಕರವಸ್ತ್ರ ಒತ್ತಿ ಹಿಡಿದರು. ಆದರೆ ಅವರೆಲ್ಲರ ಮೇಲೆ ಹೊಗೆಯೊಳಗಿಂದ ಕೇಳುತ್ತಿದ್ದದ್ದು ಜುರಾಂಡಿರನ ನಗು. ಬೇಲಿಯಾಚೆಯವರು ಕುರ್ಚಿ ಹತ್ತಿ ಇಣುಕಿದರು. ಅವನು ಅತ್ತೆಯ ತುಂಡನ್ನು ಮಗುಚಿ ಹಾಕಿ, ಚೆನ್ನಾಗಿ ಬೆಂದ ನಡುವಿನ ತುಂಡೊಂದನ್ನು ಕೆಂಡದಿಂದ ಎತ್ತಿ ನೇರ ತನ್ನ ಬಾಯಿಗೇ ಹಾಕಿಕೊಂಡು, ನಾಲಿಗೆ ಸುಟ್ಟುಕೊಂಡು, ಇನ್ನೂ ಜೋರಾಗಿ ನಕ್ಕ.